ಹಳೆಯ ದಿಕ್ಸೂಚಿಯನ್ನು ತಿಕ್ಕಬೇಡಿ

ಕುಬಿಹಾಳದಲ್ಲೋ ಕುಂದಗೋಳದಲ್ಲೋ ಅಜ್ಜನ ಟ್ರಂಕಿನೊಳಗೆ ಮಿಲಿಟರಿ ದಿಕ್ಸೂಚಿ ಸಿಕ್ಕರೆ, ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪೇನೋ ಬರುತ್ತದೆ, ಆದರೆ ಹಿತ್ತಾಳೆ ಮುಚ್ಚಳದ ಮೇಲೆ ಯಾರೋ ಗೀಚಿದ ಹೆಸರು ಸವೆದುಹೋಗುತ್ತದೆ. ಓರೆ ಬೆಳಕಿಗೆ ಹಿಡಿದು ಫೋಟೊ ತೆಗೆಯಿರಿ. ಅಲ್ಲಿರುವ ನಂಬರು ಹೆಚ್ಚಾಗಿ ಉಪಕರಣದ್ದು, ಸಿಪಾಯಿಯದ್ದಲ್ಲ. 1917 ಎಂದಿದ್ದರೆ ಅದು ತಯಾರಾದ ವರ್ಷ. ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ತಾಗಿದ್ದರೆ ಸೇನೆ ಅದನ್ನು ಮಾರಿಬಿಟ್ಟಿದೆ. ಅಜ್ಜ ಸಂತೆಯಲ್ಲಿ ಕೊಂಡಿರಲೂಬಹುದು. ಆದ್ದರಿಂದ ಅವರು ಯುದ್ಧಕ್ಕೆ ಹೋಗಿದ್ದರೆಂದು ಮೊದಲೇ ಊರಿಗೆಲ್ಲ ಹೇಳಬೇಡಿ. ಪಿಂಚಣಿ ಕಾಗದ, ಡಿಸ್ಚಾರ್ಜ್ ಪುಸ್ತಕ ಹುಡುಕಿ. ಪಲ್ಟನ್ನು ಮರಾಠಾ ಲಘು ಪದಾತಿದಳವೆಂದು ಗೊತ್ತಾದರೆ ಬೆಳಗಾವಿಯಲ್ಲಿರುವ ಅದರ ಕೇಂದ್ರಕ್ಕೆ ಪತ್ರ ಬರೆಯಿರಿ. ಮನೆಯ ಹಿರಿಯರನ್ನು ಇಂದೇ ಕೇಳಿ, ನಾಳೆಗೆ ಇಡಬೇಡಿ. ಗಾಜನ್ನಂತೂ ಬಿಚ್ಚಲೇಬೇಡಿ: ಕತ್ತಲಲ್ಲಿ ಕಾಣಲೆಂದು ಬಳಿಯುತ್ತಿದ್ದ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು, ಅದರ ಪುಡಿ ಮೂಗಿಗೆ ಹೋಗಬಾರದು.