ಮೊದಲು ಮೈಕುಗಳ ಲೆಕ್ಕ, ಕೊನೆಗೆ ಕಂಪ್ಯೂಟರ್



ಮನೆಯ ಧ್ವನಿಮುದ್ರಣಕ್ಕೆ ಸಾಮಾನು ಕೊಳ್ಳುವಾಗ ಬಹಳ ಮಂದಿ ಹಣದ ದೊಡ್ಡ ಪಾಲನ್ನು ಕಂಪ್ಯೂಟರಿಗೆ ಸುರಿದು, ಉಳಿದದ್ದರಲ್ಲಿ ಆಡಿಯೋ ಇಂಟರ್‌ಫೇಸ್ ಮತ್ತು ಮೈಕ್ ತರುತ್ತಾರೆ. ಈ ಕ್ರಮ ತಲೆಕೆಳಗು. ಮೊದಲು ತೀರ್ಮಾನವಾಗಬೇಕಾದದ್ದು ಒಂದೇ ಹೊತ್ತಿಗೆ ಎಷ್ಟು ಮೈಕುಗಳು ತೆರೆದಿರುತ್ತವೆ ಎಂಬುದು. ಟ್ರ್ಯಾಕ್ ಕೇಳುತ್ತ ಭಾವಗೀತೆ ಹಾಡುವವರಿಗೆ ಒಂದು ಮೈಕ್ ಸಾಕು. ಹಾಡುಗಾರಿಕೆಯ ಜೊತೆ ಪಿಟೀಲು, ಮೃದಂಗ ಒಟ್ಟಿಗೆ ಕೂತರೆ, ಮೃದಂಗದ ಎರಡು ಮುಚ್ಚಿಗೆಗಳಿಗೆ ಒಂದೊಂದರಂತೆ, ನಾಲ್ಕು ಬೇಕಾಗುತ್ತವೆ. ಇಲ್ಲೇ ಅನೇಕರು ಮೋಸಹೋಗುವುದು: ನಾಲ್ಕು ಇನ್‌ಪುಟ್ ಇರುವ ಇಂಟರ್‌ಫೇಸಿಗೆಲ್ಲ ನಾಲ್ಕು ಮೈಕ್ ಹಾಕಲು ಬರುವುದಿಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4ನಲ್ಲಿ ಮೈಕ್ ಪ್ರೀಆಂಪ್ ಇರುವುದು ಎರಡೇ. ಉಳಿದೆರಡು ಕೀಬೋರ್ಡಿನಂಥ ಲೈನ್ ಮಟ್ಟದ ವಾದ್ಯಗಳಿಗೆ. ಅಂಗಡಿಯಲ್ಲಿ ಕೇಳಬೇಕಾದದ್ದು ಪ್ರೀಆಂಪ್‌ಗಳ ಸಂಖ್ಯೆಯನ್ನು.

ಇಂಟರ್‌ಫೇಸ್ ಮಾಡುವ ಕೆಲಸ ಎರಡು. ಮೈಕಿನಿಂದ ಬರುವ ಕ್ಷೀಣ ವಿದ್ಯುತ್ತನ್ನು ಪ್ರೀಆಂಪ್ ಬಲಪಡಿಸುತ್ತದೆ. ಅದನ್ನು ಪರಿವರ್ತಕ ಅಂಕಿಗಳಾಗಿಸುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಶೂರ್ ಎಸ್ಎಮ್58ರಂಥ ಡೈನಮಿಕ್ ಮೈಕಿಗೆ ಬೇಡ. ಆದರೆ ಡೈನಮಿಕ್ ಮೈಕುಗಳಿಗೆ ಗೇನ್, ಅಂದರೆ ಪ್ರೀಆಂಪ್ ಕೊಡುವ ಬಲ, ಹೆಚ್ಚು ಬೇಕಾಗುತ್ತದೆ. ಶೂರ್ ಸಂಸ್ಥೆಯದೇ ಎಸ್ಎಮ್7ಬಿಗೆ 60 ಡೆಸಿಬೆಲ್‌ನಷ್ಟು ಬೇಕು, ಅಗ್ಗದ ಪ್ರೀಆಂಪ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗುಸುಗುಡತೊಡಗುತ್ತದೆ. ವೀಣೆ ಮೆಲುದನಿಯ ವಾದ್ಯ, ಅದಕ್ಕೆ ಸದ್ದಿಲ್ಲದ ಪ್ರೀಆಂಪ್ ಮತ್ತು ಕಂಡೆನ್ಸರ್ ಮೈಕೇ ಸರಿ. ವೀಣೆಗೆ ಅಂಟಿಸುವ ಪಿಕಪ್ಪನ್ನು ನೇರ ಜೋಡಿಸುವುದಾದರೆ 'ಇನ್‌ಸ್ಟ್ರುಮೆಂಟ್' ಎಂಬ ಸ್ವಿಚ್ ಇರಬೇಕು. ಇಲ್ಲದಿದ್ದರೆ ನಾದ ತೆಳ್ಳಗಾಗುತ್ತದೆ.

ಪರಿವರ್ತನೆಯ ಅಂಕಿಗಳ ಬಗ್ಗೆ ಜಾಹೀರಾತುಗಳು ಬೇಕಾದ್ದಕ್ಕಿಂತ ಹೆಚ್ಚು ಗದ್ದಲ ಮಾಡುತ್ತವೆ. ಕಿವಿಗೆ ಕೇಳುವ ಮೇಲ್ಮಿತಿ ಸುಮಾರು 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು. ಸಿ.ಡಿ.ಗಾಗಿ ಸೆಕೆಂಡಿಗೆ 44,100 ಮತ್ತು ವಿಡಿಯೋಗಾಗಿ 48,000 ಎಂಬ ದರಗಳು ನೆಲೆನಿಂತಿವೆ. 192 ಕಿಲೋಹರ್ಟ್ಸ್ ಎಂಬ ಅಂಕಿಗೆ ಹೆಚ್ಚು ಹಣ ತೆರುವುದು ವ್ಯರ್ಥ. ನಿಜವಾಗಿ ಉಪಯೋಗಕ್ಕೆ ಬರುವುದು 24 ಬಿಟ್. 16 ಬಿಟ್ಟಿನಲ್ಲಿ ಸುಮಾರು 96 ಡೆಸಿಬೆಲ್ ಇರುವ ಹರವು 24ರಲ್ಲಿ, ಸಿದ್ಧಾಂತದಲ್ಲಾದರೂ, 144ಕ್ಕೆ ಏರುತ್ತದೆ. ಹಾಗಾಗಿ ಅತಿ ಜೋರಿನ ದನಿಯೂ ಮೈನಸ್ 12 ಡೆಸಿಬೆಲ್ ಸುಮಾರಿಗೆ ನಿಲ್ಲುವಂತೆ ಗೇನ್ ತಗ್ಗಿಸಿಡಬಹುದು; ಹಾಡುವವರು ತಾರಸ್ಥಾಯಿಗೆ ಏರಿದಾಗ ದನಿ ಒಡೆಯುವುದಿಲ್ಲ.

ಹಾಡುವವರನ್ನು ಎಲ್ಲಕ್ಕಿಂತ ಕಾಡುವುದು ಲೇಟೆನ್ಸಿ, ಅಂದರೆ ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಮರಳುವುದು. ಕಂಪ್ಯೂಟರ್ ಸ್ಯಾಂಪಲ್‌ಗಳನ್ನು (ಅಳೆದ ಒಂದೊಂದು ಅಂಕಿಯೂ ಒಂದು ಸ್ಯಾಂಪಲ್) ಒಂದೊಂದಾಗಿ ಅಲ್ಲ, ಬಫರ್ ಎಂಬ ಗುಂಪುಗಳಲ್ಲಿ ಸಂಸ್ಕರಿಸುತ್ತದೆ. 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್‌ಗಳ ಬಫರ್ ತುಂಬಲು 2.7 ಮಿಲಿಸೆಕೆಂಡ್ ಸಾಕು, 1024ಕ್ಕೆ 21 ಬೇಕು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಈ ಕಾಯುವಿಕೆ. ಅದರ ಮೇಲೆ ಡ್ರೈವರಿನದೂ ಪರಿವರ್ತಕದ್ದೂ ಸೇರುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುವುದರಿಂದ, ಒಟ್ಟು 10ರೊಳಗಿದ್ದರೆ ಮೂರು ಮೀಟರಿನಾಚೆ ಕೂತ ಪಕ್ಕವಾದ್ಯ ಕೇಳಿದಷ್ಟೇ ತಡ. 40 ದಾಟಿದರೆ ತಾಳ ಜಾರುತ್ತದೆ.

ಈ ತಡವನ್ನು ತಗ್ಗಿಸುವುದರಲ್ಲಿ ಪ್ರೊಸೆಸರಿನಷ್ಟೇ ಪಾತ್ರ ಡ್ರೈವರಿನದು. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ಎಎಸ್ಐಒ ಕ್ರಮವೇ ಆಧಾರ. ತನ್ನದೇ ಎಎಸ್ಐಒ ಡ್ರೈವರ್ ಇಲ್ಲದ ಇಂಟರ್‌ಫೇಸನ್ನು ಕೊಳ್ಳದಿರುವುದು ಕ್ಷೇಮ. 'ಡೈರೆಕ್ಟ್ ಮಾನಿಟರ್' ಗುಂಡಿ ಇದ್ದರೆ ದನಿ ಕಂಪ್ಯೂಟರನ್ನು ಸುತ್ತದೆ ನೇರ ಕಿವಿಗೆ ಬರುತ್ತದೆ, ಒಬ್ಬರೇ ಹಾಡಿ ಮುದ್ರಿಸುವವರ ತೊಂದರೆ ಅಲ್ಲಿಗೇ ಮುಗಿಯಿತು. ಬ್ಲೂಟೂತ್ ಹೆಡ್‌ಫೋನಿನ ತಡ ಮಾತ್ರ ಯಾವ ಗುಂಡಿಗೂ ಬಗ್ಗದು. ಕಿವಿ ಮುಚ್ಚುವ, ವೈರಿನದೇ ಬೇಕು.

ಇನ್ನು ಕಂಪ್ಯೂಟರ್. 24 ಬಿಟ್, 48 ಕಿಲೋಹರ್ಟ್ಸಿನ ಒಂದು ಟ್ರ್ಯಾಕ್ ನಿಮಿಷಕ್ಕೆ 8.6 ಮೆಗಾಬೈಟ್ ಆಗುತ್ತದೆ. ನಾಲ್ಕು ಮೈಕಿನ ಹತ್ತು ನಿಮಿಷದ ಕೃತಿ 350 ಮೆಗಾಬೈಟನ್ನೂ ಮುಟ್ಟುವುದಿಲ್ಲ. ಯುಎಸ್‌ಬಿ 2.0 ವೇಗವೇ ಇದಕ್ಕೆ ಧಾರಾಳ. ಟೈಪ್-ಸಿ ಎಂಬುದು ತೂತಿನ ಆಕಾರ, ವೇಗವಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಇಲ್ಲಿ ಕೆಲಸವಿಲ್ಲ. ಎಸ್ಎಸ್‌ಡಿ ಇರಬೇಕು. ಬರೀ ಮುದ್ರಣಕ್ಕೆ 8 ಜಿಬಿ ರ‍್ಯಾಮ್ ನಡೆಯುತ್ತದೆ. ಸ್ಯಾಂಪಲ್ ವಾದ್ಯಗಳನ್ನು ತುಂಬಿ ಸಂಗೀತ ಸಂಯೋಜಿಸುವವರು 16ಕ್ಕಿಂತ ಕಡಿಮೆಗೆ ಒಪ್ಪಬಾರದು. ಈಚಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸಲಾಗದು.

ಫ್ಯಾನಿನ ಸದ್ದನ್ನು ಯಾರೂ ವಿಚಾರಿಸುವುದಿಲ್ಲ, ಆದರೆ ಮಲಗುವ ಕೋಣೆಯಲ್ಲಿ ಕಂಡೆನ್ಸರ್ ಮೈಕ್ ಮೊದಲು ಹಿಡಿಯುವುದು ಅದನ್ನೇ. 2020ರ ಎಮ್1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಹಳೆಯದಾದರೂ ಈ ಕೆಲಸಕ್ಕೆ ಅದು ಒಳ್ಳೆಯ ಯಂತ್ರ. ಚಾರ್ಜರ್ ಸಿಕ್ಕಿಸಿದಾಗ ಗುಂಯ್ ಎನ್ನುವ ಸದ್ದು ಸೇರಿದರೆ ಬ್ಯಾಟರಿಯಲ್ಲಿ ಓಡಿಸಿ ನೋಡುವುದು. ಸದ್ದು ನಿಂತರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು. ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತು ಸದ್ದು ನಿಲ್ಲಿಸುವ ಉಪಾಯ ಪ್ರಾಣಾಪಾಯದ್ದು, ಯಾರು ಹೇಳಿದರೂ ಕೇಳಕೂಡದು.

ಎಸ್ಎಸ್‌ಡಿ ಇರುವ ಲ್ಯಾಪ್‌ಟಾಪ್ ಈಗಾಗಲೇ ಮನೆಯಲ್ಲಿದ್ದರೆ ಎರಡು ಪ್ರೀಆಂಪಿನ ಇಂಟರ್‌ಫೇಸ್, ಒಳ್ಳೆಯದೊಂದು ಮೈಕ್, ಒಂದು ಹೆಡ್‌ಫೋನ್ ಕೊಂಡು ಕೆಲಸ ಆರಂಭಿಸಬಹುದು. ಹೊಸ ಕಂಪ್ಯೂಟರ್ ಈಗಲೇ ಬೇಡ.