ಮಡಚುವ ದೋಣಿಯಲ್ಲಿ ದ್ವೀಪಯಾತ್ರೆ

ಭೂಪಟದ ಮೇಲೆ ಜರ್ಮನಿಯ ಉಲ್ಮ್ ಪಟ್ಟಣದಿಂದ ಆಸ್ಟ್ರೇಲಿಯಕ್ಕೆ ವಿದ್ಯಾರ್ಥಿನಿಯರ ಬೆರಳು ಕ್ಷಣದಲ್ಲಿ ಹೋಗುತ್ತದೆ. ಆಸ್ಕರ್ ಸ್ಪೆಕ್ ಎಂಬಾತನಿಗೆ ಏಳು ವರ್ಷಗಳು ಹಿಡಿದುವು. ಮರದ ಚೌಕಟ್ಟಿಗೆ ರಬ್ಬರು ಬಟ್ಟೆಯನ್ನು ಹೊದಿಸಿದ, ಮಡಚತಕ್ಕ ಕಯಾಕ್ ದೋಣಿಯಲ್ಲಿ ಆತನು 1932ರಲ್ಲಿ ಹೊರಟು, ನಮ್ಮ ಪಶ್ಚಿಮ ಕರಾವಳಿಯನ್ನು ಹಿಡಿದು 1935ರಲ್ಲಿ ಸಿಂಹಳವನ್ನು ಸೇರಿದನು.

ಅನಂತರದ್ದೇ ಕಠಿಣವಾದ ಪಾಠ. ಈಗಿನ ಇಂಡೊನೇಷ್ಯದ ದ್ವೀಪಗಳ ನಡುವೆ ಹುಟ್ಟುಹಾಕುವವನು ನಿದ್ರಿಸುವಂತಿಲ್ಲ. ಅಲೆಗೆ ಅಡ್ಡವಾದರೆ ದೋಣಿ ಮಗುಚುವುದು. ತಾಯಿತಂದೆಗಳು ನಡುಗಡಲಿಗೆ ಅಂಜುವರು. ನಿಜವಾಗಿ ಅಂಜತಕ್ಕದ್ದು ದಡಕ್ಕೆ: ಅಲ್ಲಿ ತೆರೆಗಳು ಒಡೆಯುವುವು, ಹವಳದ ಬಂಡೆ ಬಟ್ಟೆಯನ್ನು ಸೀಳುವುದು. ಆದರೂ ಕುಡಿಯುವ ನೀರಿಗಾಗಿ ಇಳಿಯಲೇಬೇಕು, ಅಪರಿಚಿತರ ದಯೆಯನ್ನು ನಂಬಲೇಬೇಕು.

ಲಾಕೋರ್ ದ್ವೀಪದಲ್ಲಿ ಕೆಲವರು ಆತನನ್ನು ಕಟ್ಟಿಹಾಕಿ ಹೊಡೆದರು. ಕಿವಿಯ ತಮಟೆ ಹರಿಯಿತು. ಇದನ್ನು ಓದಿ ನಮ್ಮ ಹುಡುಗಿಯೊಬ್ಬಳು, “ದ್ವೀಪವಾಸಿಗಳು ಕ್ರೂರರು” ಎಂದು ಬರೆದಳು. ನಾವು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದೆವು. ಬೇರೆ ಎಷ್ಟೋ ಹಳ್ಳಿಗಳು ಸ್ವಾಗತಿಸದಿದ್ದರೆ ಆತನು ಅಲ್ಲಿಯವರೆಗೆ ಬರುತ್ತಿದ್ದನೇ?

ಶಸ್ತ್ರಚಿಕಿತ್ಸೆಯಾದ ಬಳಿಕ ಸ್ಪೆಕ್ ಮತ್ತೆ ಹುಟ್ಟು ಹಿಡಿದು, ನ್ಯೂಗಿನಿಯ ದಡವನ್ನು ಹಾದು, 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಸಾಯ್ಬಾಯ್ ದ್ವೀಪವನ್ನು ಮುಟ್ಟಿದನು. ಅಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಅಲ್ಲಿದ್ದ ಪೊಲೀಸರು ಆತನನ್ನು ಮೊದಲು ಅಭಿನಂದಿಸಿದರು, ಬಳಿಕ ಬಂಧಿಸಿದರು.