ಸಾಕಲಿಕ್ಕೋ, ಸಾರಿಗೋ? – ಹೆಚ್ಚಾದ ಹುಂಜಗಳಿಗೆ ಮನೆ ಹುಡುಕುವ ಪಾಠ

ಮಸ್ಕತ್ತಿಗೆ ಬಂದು ಎಷ್ಟು ವರ್ಷವಾದರೂ ನಮ್ಮವರಿಗೆ ಹಿತ್ತಲಿನ ಆಸೆ ಹೋಗುವುದಿಲ್ಲ. ಅಲ್ ಗುಬ್ರಾದ ಫ್ಲಾಟಿನ ಬಾಲ್ಕನಿಯಲ್ಲೂ ಒಂದು ಕರಿಬೇವು, ಒಂದು ತುಳಸಿ, ಕಂಬಿಗೆ ಹಬ್ಬಿಸಿದ ಬಸಳೆ ಇದ್ದೇ ಇರುತ್ತವೆ. ಸ್ವಲ್ಪ ಅಂಗಳವಿರುವ ವಿಲ್ಲಾ ಸಿಕ್ಕಿತೆಂದರೆ ಮುಂದಿನ ಹೆಜ್ಜೆ ನಾಲ್ಕು ಕೋಳಿ. ಮಕ್ಕಳಿಗೆ ಆಟ, ಮನೆಗೆ ಮೊಟ್ಟೆ, ಅಡುಗೆಮನೆಯ ತರಕಾರಿ ಸಿಪ್ಪೆಗೊಂದು ಗತಿ. ಹೀಗೆ ಶುರುವಾದ ಸಂಭ್ರಮ ನಾಲ್ಕೈದು ತಿಂಗಳಲ್ಲಿ ಒಂದು ಬೆಳಗಿನ ಜಾವ ‘ಕೊಕ್ಕೊಕ್ಕೋ’ ಎಂದು ಕೂಗುತ್ತದೆ. ಪಕ್ಕದ ಮನೆಯವರು ಮೊದಲ ದಿನ ನಗುತ್ತಾರೆ. ನಾಲ್ಕನೆಯ ದಿನ ಬಾಗಿಲ ಗಂಟೆ ಒತ್ತುತ್ತಾರೆ. ಹೇಂಟೆಯನ್ನು ಕೇಳಿ ತೆಗೆದುಕೊಂಡು ಹೋಗುವವರು ಹತ್ತು ಮಂದಿ. ಹುಂಜವನ್ನು ಸುಮ್ಮನೆ ಕೊಡುತ್ತೇವೆಂದರೂ ಕೈ ಚಾಚುವವರಿಲ್ಲ. ಈ ಸಮಸ್ಯೆಯನ್ನು ಸ್ವಲ್ಪ ಕೂಲಂಕಷವಾಗಿ ನೋಡೋಣ.

ಮೊದಲಿಗೆ ಲೆಕ್ಕ. ಕಾವಿಗೆ ಕೂತ ಕೋಳಿಯ ಕೆಳಗೆ ಹನ್ನೆರಡು ಮೊಟ್ಟೆ ಇಟ್ಟರೆ 21 ದಿನಕ್ಕೆ ಒಂಬತ್ತೋ ಹತ್ತೋ ಮರಿ ಹೊರಬರುತ್ತವೆ. ಅವುಗಳಲ್ಲಿ ಸರಿಸುಮಾರು ಅರ್ಧ ಗಂಡು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಬರೀ ಮೊಟ್ಟೆ ಬೇಕೆಂದರೆ ಅದೂ ಬೇಡ. ಹುಂಜವಿಲ್ಲದೆ ಕೋಳಿ ಮೊಟ್ಟೆ ಇಡುವುದಿಲ್ಲವೆಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಡುತ್ತದೆ, ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೆ. ಹೀಗಾಗಿ ಒಂದೇ ಕಾವಿನಿಂದ ನಾಲ್ಕು ಹುಂಜಗಳು ‘ಹೆಚ್ಚುವರಿ’ಯಾಗಿ ಉಳಿಯುತ್ತವೆ. ಮೊನಚು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಎಂಬ ಹಳ್ಳಿಯ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆಯ ಆಕಾರದಿಂದಲ್ಲ, ತಾಯಿಕೋಳಿಯ ವರ್ಣತಂತುಗಳಿಂದ ತೀರ್ಮಾನವಾಗುತ್ತದೆ. ಮನುಷ್ಯರಲ್ಲಿ ಇದು ತಂದೆಯಿಂದ ಆಗುವಂಥದ್ದು, ಆದರೂ ನಾವು ಬಯ್ಯುವುದು ಸೊಸೆಯನ್ನು!

ಸಂತೆಯಲ್ಲಿ ಮಕ್ಕಳು ಹಟ ಹಿಡಿದು ಕೊಳ್ಳುವ ಗುಲಾಬಿ, ಹಸಿರು ಬಣ್ಣದ ಮರಿಗಳ ಕಥೆ ಬೇರೆ. ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳಲ್ಲಿ ಗಂಡು ಮರಿ ಮಾಂಸಕ್ಕೂ ಲಾಭವಲ್ಲ, ಮೊಟ್ಟೆಯಂತೂ ಇಡದು. ಒಂದು ದಿನದ ಮರಿಯ ಲಿಂಗವನ್ನು ನೋಡಿ ಹೇಳುವ ವಿದ್ಯೆಯನ್ನು 1930ರ ದಶಕದಲ್ಲಿ ಜಪಾನಿನ ತಜ್ಞರು ಜಗತ್ತಿಗೆ ಕಲಿಸಿದರು. ಅಂದಿನಿಂದ ಮರಿ ಮಾಡುವ ಕೇಂದ್ರಗಳಲ್ಲಿ ಗಂಡು ಮರಿಗಳನ್ನು ಮೊದಲ ದಿನವೇ ಬೇರೆ ಮಾಡಿ ಕೊಲ್ಲುವುದು ರೂಢಿಯಾಯಿತು. ಜರ್ಮನಿ 2022ರ ಜನವರಿಯಿಂದ ಇದನ್ನು ಕಾನೂನಿನ ಮೂಲಕ ನಿಲ್ಲಿಸಿದೆ. ನಮ್ಮ ಕಡೆ ಅಂಥ ಮರಿಗಳಲ್ಲಿ ಕೆಲವಕ್ಕೆ ಬಣ್ಣ ಬಳಿದು ಮಾರುತ್ತಾರೆ. ಆದ್ದರಿಂದ ಬಣ್ಣದ ಮರಿ ತಂದವರು ಹುಂಜ ತಂದೆವೆಂದೇ ತಿಳಿಯುವುದು ಕ್ಷೇಮ.

ಎರಡು ಹುಂಜಗಳಿದ್ದರೆ ಹೆಚ್ಚು ಕೂಗುವುದನ್ನು ಕೊಟ್ಟು, ಮೌನಿಯನ್ನು ಇಟ್ಟುಕೊಳ್ಳೋಣ ಎಂದು ಹಲವರು ಯೋಚಿಸುತ್ತಾರೆ. ಇದು ಫಲಿಸುವುದಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಹುಂಜ ಬೆಳಕು ನೋಡಿ ಕೂಗುವುದಲ್ಲ. ಮೈಯೊಳಗಿನ ಗಡಿಯಾರ ಬೆಳಗಿಗೂ ಮೊದಲೇ ಎಬ್ಬಿಸುತ್ತದೆ. 2015ರಲ್ಲಿ ಅವರೇ ಕಂಡುಕೊಂಡ ಇನ್ನೊಂದು ಸಂಗತಿ ಸ್ವಾರಸ್ಯಕರ. ಗುಂಪಿನ ಹಿರಿಯ ಹುಂಜ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಪ್ರಕಾರ ಸರದಿಯಲ್ಲಿ. ಹಿರಿಯನನ್ನು ತೆಗೆದರೆ ಎರಡನೆಯವನು ಮೊದಲಿಗನಾಗುತ್ತಾನೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ಜಂಬಪಟ್ಟ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಅಜ್ಜಿ ಕೋಳಿ ಎತ್ತಿಕೊಂಡು ಹೋದಳು, ಬೆಳಗೂ ಆಯಿತು. ಊರಿನಲ್ಲಿ ಎರಡನೆಯ ಹುಂಜವೊಂದು ಇದ್ದಿರಬೇಕು.

ಹಾಗಾದರೆ ಹುಂಜ ಎಲ್ಲಿಗೆ ಹೋಗಬೇಕು? ಊರಿನಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಮಂಡ್ಯ, ಮೈಸೂರು, ಬೆಂಗಳೂರು ಗ್ರಾಮಾಂತರದ ಕಡೆ ಯುಗಾದಿಯ ಮರುದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಹೇಂಟೆಗಿಂತ ಹೆಚ್ಚು ಮರ್ಯಾದೆ. ಕರಾವಳಿಯಲ್ಲಿ ಹುಂಜದ ಬಣ್ಣ ಬಣ್ಣಕ್ಕೂ ಬೊಳ್ಳೆ, ಕಾವೆ, ಕುಪ್ಪುಳೆ ಎಂದು ತುಳುವಿನಲ್ಲಿ ಹೆಸರಿದೆ. ಆ ಹೆಸರುಗಳ ಹಿಂದೆ ಕೋಳಿ ಅಂಕವಿದೆ ಎಂಬುದನ್ನೂ ಮರೆಯಬಾರದು. ಕಾಲಿಗೆ ಬಾಳು ಕಟ್ಟಿ ಹುಂಜಗಳನ್ನು ಕಾದಾಡಿಸುವುದನ್ನು ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಅಪರಾಧವೆನ್ನುತ್ತದೆ. ಎಲ್ಲೇ ಆಗಲಿ, ಹೇಂಟೆ ಬೇಡ, ಗಟ್ಟಿಮುಟ್ಟಾದ ಹುಂಜವೇ ಬೇಕು ಎಂದು ವಿಶೇಷವಾಗಿ ಕೇಳುವವರನ್ನು ಏಕೆಂದು ವಿಚಾರಿಸಿಯೇ ಕೊಡಬೇಕು.

ಊರಿನ ಇನ್ನೊಂದು ಪದ್ಧತಿ ಇಲ್ಲಿಗೂ ಒಗ್ಗುತ್ತದೆ. ಅದು ಪಾಲಿಗೆ ಕೊಡುವುದು. ಕೋಳಿ ಇದ್ದವರು ಜಾಗವಿದ್ದವರಿಗೆ ಒಂದು ಹೇಂಟೆ ಕೊಡುತ್ತಾರೆ. ಸಾಕಿದವರು ಮರಿಗಳಲ್ಲಿ ಅರ್ಧ ಹಿಂದಿರುಗಿಸುತ್ತಾರೆ. ದುಡ್ಡಿನ ಮಾತಿಲ್ಲ, ಮುಖ ನೋಡಿ ನಡೆಯುವ ವ್ಯವಹಾರ. ಬರ್ಕಾ, ಮುಸನ್ನಾ ಕಡೆಯ ಖರ್ಜೂರದ ತೋಟಗಳಲ್ಲಿ ಪರಿಚಯವಿದ್ದವರಿಗೆ ಇದು ಸುಲಭ. ಒಂದು ಹುಂಜದ ಜೊತೆ ಎರಡು ಹೇಂಟೆಯನ್ನೂ ಕೊಟ್ಟರೆ ‘ಬೇಡ’ ಎನ್ನುವ ತೋಟದವರು ಕಡಿಮೆ. ಹುಂಜಕ್ಕೂ ಅಲ್ಲಿ ಒಂದು ಕೆಲಸವಿದೆ. ಒಂದೇ ಹುಂಜ ವರ್ಷಗಟ್ಟಲೆ ತನ್ನ ಮಕ್ಕಳು-ಮೊಮ್ಮಕ್ಕಳೊಂದಿಗೇ ಇದ್ದರೆ ಮೊಟ್ಟೆ ಮರಿಯಾಗುವುದು ಕಡಿಮೆಯಾಗಿ, ಮರಿಗಳು ಬಲಹೀನವಾಗುತ್ತವೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬೇರೆ ಮನೆಯ ಹುಂಜ ತರುವುದೇ ಇದಕ್ಕೆ ಮದ್ದು. ನಮ್ಮ ಮನೆಯ ‘ಹೆಚ್ಚುವರಿ’ ಇನ್ನೊಂದು ಮನೆಯ ಅಗತ್ಯವಾಗುವುದು ಇಲ್ಲಿ. ಒಮಾನಿನ ನಾಟಿ ಕೋಳಿಗಳನ್ನು ಉಳಿಸಿಕೊಳ್ಳುವ ಬಗ್ಗೆ ಇಲ್ಲಿಯ ವಿಜ್ಞಾನಿಗಳೂ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಊರಿನ ಕೋಳಿಯೇ ಶ್ರೇಷ್ಠವೆಂದು ವಾದಿಸುವ ಮೊದಲು, ಈ ಬಿಸಿಲಿಗೆ ಒಗ್ಗಿದ ಕೋಳಿಗಳನ್ನು ನಾವು ಒಮ್ಮೆ ನೋಡಬೇಕು.

ಮರಿ ತರುವಾಗಲೇ ತಳಿ ನೋಡಿ ತಂದರೆ ಅರ್ಧ ಚಿಂತೆ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 1980ರ ದಶಕದಲ್ಲಿ ಹೊರತಂದ ‘ಗಿರಿರಾಜ’ ರೈತರ ಹಿತ್ತಲಿಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದರ ಹೇಂಟೆ ಮೊಟ್ಟೆಗಾಯಿತು, ಹುಂಜ ಮೈತುಂಬಿ ಬೆಳೆದು ಮಾಂಸಕ್ಕಾಯಿತು. ಯಾವುದೂ ದಂಡವಲ್ಲ.

ಈಗ ಕಷ್ಟದ ಮಾತಿಗೆ ಬರೋಣ. ಸುಮ್ಮನೆ ಕೊಟ್ಟ ಹುಂಜ ಬಹುಪಾಲು ಸಾರಿಗೇ ಹೋಗುತ್ತದೆ. ಇದು ಪಾಪವೋ ಅಲ್ಲವೋ ಎಂಬುದು ಅವರವರ ಮನೆಯ ವಿಚಾರ. ನಮ್ಮಲ್ಲಿ ಕೋಳಿ ತಿನ್ನುವ ಮನೆಗಳೂ ಇವೆ, ಮೊಟ್ಟೆ ಮುಟ್ಟದ ಮನೆಗಳೂ ಇವೆ. ನಮಗೆ ತಪ್ಪೆನಿಸುವುದು ಸುಳ್ಳು. ತೆಗೆದುಕೊಳ್ಳುವವರು ‘ಸಾಕುತ್ತೇವೆ’ ಎಂದು ಒಯ್ದು ಭಾನುವಾರ ಅಡುಗೆ ಮಾಡುವುದು ಒಂದು ಸುಳ್ಳು. ಕೊಡುವವರು ಮಗುವಿಗೆ ‘ತೋಟಕ್ಕೆ ಹೋಗಿದೆ’ ಎಂದು ಹೇಳುವುದು ಇನ್ನೊಂದು. ಹೆಸರಿಟ್ಟು ಅಂಗೈಯಲ್ಲಿ ಕಾಳು ತಿನ್ನಿಸಿದ ಮಗು ಒಂದಲ್ಲ ಒಂದು ದಿನ ತೋಟಕ್ಕೆ ಹೋಗಿ ನೋಡೋಣ ಎನ್ನುತ್ತದೆ. ಆಗ ಏನು ಹೇಳುವಿರಿ? ಆದ್ದರಿಂದ ಕೊಡುವಾಗ ಬಾಯಿಬಿಟ್ಟು ಕೇಳಿ: ಸಾಕಲಿಕ್ಕೋ, ಸಾರಿಗೋ? ಸಾರಿಗೆ ಎಂದರೆ ಒಪ್ಪುವ ಮನಸ್ಸಿದ್ದರೆ ಕೊಡಿ, ಇಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕಿ. ಒಮಾನಿ ನೆರೆಯವರಿಗೆ ಕೊಡುವುದಾದರೆ ಜೀವಂತವಾಗಿಯೇ ಕೊಡಬೇಕು. ಹಲಾಲ್ ಅವರೇ ಮಾಡಿಕೊಳ್ಳುತ್ತಾರೆ.

ಯಾರೂ ಸಿಗಲಿಲ್ಲವೆಂದು ವಾದಿಯಲ್ಲೋ ಕಡಲತೀರದಲ್ಲೋ ಬಿಟ್ಟು ಬರುವುದು ಮಾತ್ರ ಕೂಡದು. ‘ಸ್ವತಂತ್ರವಾಗಿ ಬದುಕಲಿ’ ಎಂದು ಅದಕ್ಕೆ ಒಳ್ಳೆಯ ಹೆಸರು ಕೊಡುತ್ತೇವೆ. 45 ಡಿಗ್ರಿ ಬಿಸಿಲಿನಲ್ಲಿ ನೀರಿಲ್ಲದೆ, ನಾಯಿ-ನರಿಗಳ ನಡುವೆ ಸಾಕಿದ ಕೋಳಿ ಎಷ್ಟು ಹೊತ್ತು ಬದುಕೀತು? ಜೂನ್-ಜುಲೈ ರಜೆಗೆ ಊರಿಗೆ ಹೊರಡುವವರು, ಕೆಲಸ ಮುಗಿದು ಹಿಂದಿರುಗುವವರು ಟಿಕೆಟ್ ಮಾಡಿಸಿದ ವಾರವೇ ಕೋಳಿಯ ಮನೆಯನ್ನೂ ಹುಡುಕತೊಡಗಬೇಕು. ಕೊನೆಯ ರಾತ್ರಿ ಸೂಟ್‌ಕೇಸಿನ ಪಕ್ಕ ಕೂತು ಹುಡುಕಿದರೆ ಸಿಗುವುದು ಸಾರಿನ ಪಾತ್ರೆಯೊಂದೇ. ಹಾಗೆಯೇ ವಸತಿ ಪ್ರದೇಶದಲ್ಲಿ ಪ್ರಾಣಿ ಸಾಕುವುದಕ್ಕೆ ನಗರಸಭೆಯ ನಿಯಮಗಳಿವೆ; ಮರಿ ತರುವ ಮೊದಲೇ ಮನೆಯ ಮಾಲೀಕರಲ್ಲೂ ನಗರಸಭೆಯಲ್ಲೂ ಕೇಳಿಕೊಳ್ಳಿ.

ಕೊಟ್ಟು ತೆಗೆದುಕೊಳ್ಳುವಾಗ ನಿಜ್ವಾದ ಶುಕ್ರವಾರದ ಆಡಿನ ಸಂತೆಯನ್ನು ನೆನಪಿಸಿಕೊಳ್ಳಬಹುದು. ಅಲ್ಲಿ ಆಡುಗಳನ್ನು ಸುತ್ತು ಹೊಡೆಸುತ್ತಾರೆ. ಕೊಳ್ಳುವವರು ಹಿಡಿದು ನಿಲ್ಲಿಸಿ, ಬಾಯಿ ಬಿಡಿಸಿ, ಮೈ ಮುಟ್ಟಿ ನೋಡಿದ ಮೇಲೆಯೇ ಬೆಲೆ. ಕೋಳಿಯನ್ನೂ ಹಾಗೆ ನೋಡಿ. ಕಣ್ಣು ಹೊಳೆಯುತ್ತಿರಬೇಕು, ಮೂಗು ಸೋರಬಾರದು, ಜುಟ್ಟಿನ ಮೇಲೆ ಸಿಡುಬಿನ ಹುರುಕು ಇರಬಾರದು, ಹಿಂಭಾಗ ಒಣಗಿರಬೇಕು, ಎದೆಮೂಳೆ ಚೂಪಾಗಿ ಕೈಗೆ ಚುಚ್ಚಬಾರದು. ಕೊಕ್ಕರೆ ರೋಗದ ಲಸಿಕೆ ಆಗಿದೆಯೇ, ಯಾವಾಗ ಆಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಸಾಕಣೆ ಕೇಂದ್ರಕ್ಕೇ ಹಕ್ಕಿಜ್ವರ ನುಗ್ಗಿತ್ತು. ತಜ್ಞರಿರುವ ಕಡೆಯೇ ಹೀಗಾದರೆ ನಮ್ಮ ಹಿತ್ತಲು ಯಾವ ಲೆಕ್ಕ! ಹೊಸ ಹಕ್ಕಿಯನ್ನು ಮೂರು-ನಾಲ್ಕು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನ ಬಟ್ಟಲಿಟ್ಟು ಸಾಕಿದ ಮೇಲೆಯೇ ಗುಂಪಿಗೆ ಸೇರಿಸಬೇಕು. ಮೊದಲು ಹಳೆಯ ಕೋಳಿಗಳಿಗೆ ಕಾಳು ಹಾಕಿ, ಕೊನೆಗೆ ಹೊಸದಕ್ಕೆ. ಕೈ ತೊಳೆಯುವುದನ್ನು ಮರೆಯಬೇಡಿ.

ಸಾಗಿಸುವುದು ರಾತ್ರಿ ಅಥವಾ ನಸುಕಿನಲ್ಲಿ. ಕತ್ತಲಲ್ಲಿ ಹುಂಜ ಹೋರಾಡದೆ ಕೈಗೆ ಸಿಗುತ್ತದೆ. ಊರಿನಂತೆ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕುವುದು ಬೇಡ. ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಅಡಿಗೆ ಹಳೆಯ ಬಟ್ಟೆ ಸಾಕು. ಪೆಟ್ಟಿಗೆ ಕಾರಿನೊಳಗೆ ಎ.ಸಿ. ಇರುವ ಕಡೆ ಇರಲಿ, ಡಿಕ್ಕಿಯಲ್ಲಿ ಬೇಡ. ಜೊತೆಗೆ ಅದು ತಿನ್ನುತ್ತಿದ್ದ ಕಾಳು ಒಂದು ಕಿಲೋ ಕೊಟ್ಟು ಕಳಿಸಿ. ಹೊಸ ಮನೆಯಲ್ಲಿ ಮೊದಲ ಎರಡು ದಿನ ಅದು ಬೇರೆ ಯಾವುದಕ್ಕೂ ಬಾಯಿ ಹಾಕದಿರಬಹುದು.